ಅಳಿವೆಯಲ್ಲಿ ಹೂಳೆತ್ತಿದರೆ ತಳದ ಜೀವಿಗಳಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಂದರಿಗೋ ಹಡಗುದಾರಿಗೋ ಜೆಟ್ಟಿಗೋ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹೂಳೆತ್ತುವ ಡ್ರೆಡ್ಜರ್ ಬಂದು ನಿಂತಿತೆಂದರೆ ಎರಡು ಮಾತು ಕೇಳಿಬರುತ್ತವೆ. "ಎಲ್ಲ ಸರ್ವನಾಶ" ಎಂದು ಒಬ್ಬರು, "ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ" ಎಂದು ಇನ್ನೊಬ್ಬರು. ಯಾವ ತಳ, ಎಷ್ಟು ಸಲ, ಹೇಗೆ ಎಂದು ಕೇಳದೆ ಹೇಳಿದರೆ ಎರಡೂ ತಪ್ಪು. ಹಾಗೆ ಕೇಳಿ ನೋಡಿದಾಗ ಸಿಗುವ ಉತ್ತರಗಳು ಇಲ್ಲಿವೆ.

ಅಳಿವೆಯ ತಳ ಅಂದರೆ ಬರೀ ಕೆಸರು ತಾನೇ? ಅಲ್ಲಿ ಹಾಳಾಗುವಂಥದ್ದು ಏನಿದೆ?

ಒಂದು ಬೊಗಸೆ ಕೆಸರನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಗೆ ಹಾಕಿ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಕಂದು ನೀರೆಲ್ಲ ಇಳಿದುಹೋದ ಮೇಲೆ ಉಳಿಯುವುದು ಕೊಳೆತ ಎಲೆಯ ಚೂರು, ಒಡೆದ ಚಿಪ್ಪು, ಒಂದಷ್ಟು ಮರಳು. ಇಷ್ಟೇನಾ ಅನ್ನಿಸುತ್ತದೆ. ಜರಡಿಯನ್ನು ಅಲುಗಾಡಿಸದೆ ಸ್ವಲ್ಪ ಹೊತ್ತು ಇಡಿ. ಕಸದ ನಡುವಿನಿಂದ ಒಂದು ಕೆಂಪು ಹುಳು ಸುರುಳಿ ಬಿಚ್ಚುತ್ತದೆ. ಮರಳಿನ ಕಾಳೆಂದುಕೊಂಡದ್ದು ಬಾಯಿ ತೆರೆದು ಕಪ್ಪೆಚಿಪ್ಪಿನ ಮರಿಯಾಗುತ್ತದೆ. ಅಕ್ಕಿಕಾಳಿಗಿಂತ ಚಿಕ್ಕದೊಂದು ಸೀಗಡಿಯಂಥ ಜೀವಿ ಮಗ್ಗುಲಾಗಿ ಕುಪ್ಪಳಿಸಿ ಜರಡಿಯ ಅಂಚಿಗೆ ಹೋಗಿ ಬೀಳುತ್ತದೆ; ಅದು ಆಂಫಿಪಾಡ್. ಒಳ್ಳೆಯ ಅಳಿವೆಯಲ್ಲಿ ಒಂದು ಚದರ ಮೀಟರ್ ತಳದಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ, ಕೆಲವು ಕಡೆ ಹತ್ತಾರು ಸಾವಿರ. ಜರಡಿಯ ಕಣ್ಣಿನಿಂದ ಜಾರಿಹೋಗುವ ಸೂಕ್ಷ್ಮ ಜೀವಿಗಳ ಲೆಕ್ಕ ಇದರಲ್ಲಿ ಸೇರಿಲ್ಲ.

ಇವು ಮಾಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ. ನೀರಿನ ಆಮ್ಲಜನಕ ತಾನಾಗಿ ಕೆಸರಿನೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಕೊಳವೆಯನ್ನು ಕೆಸರಿಗೆ ಚುಚ್ಚಿ ಒಂದು ಮಾದರಿ ತೆಗೆದರೆ ಇದನ್ನು ಕಾಣಬಹುದು: ಮೇಲೆ ತಿಳಿ ಕಂದು ಪದರ, ಕೆಳಗೆ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವ ಕಪ್ಪು ಕೆಸರು. ಆ ಕಪ್ಪಿನೊಳಗೆ ಅಲ್ಲಲ್ಲಿ ಕಂದು ಗೆರೆಗಳು ಇಳಿದಿರುತ್ತವೆ. ಅವು ಹುಳುಗಳ ಬಿಲ. ಹುಳು ಮೈ ಆಡಿಸಿ ಬಿಲದೊಳಗೆ ನೀರೆಳೆದಾಗ ಅದರ ಗೋಡೆಗೆ ಉಸಿರು ಸಿಗುತ್ತದೆ. ಹೊಳೆ ಹೊತ್ತು ತಂದ ಸಾರಜನಕದ ಒಂದು ಪಾಲನ್ನು ಅನಿಲವಾಗಿಸಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾಗಳು ಇಂಥ ಗೋಡೆಗಳ ಆಸುಪಾಸಿನಲ್ಲೇ ಮೇಯುತ್ತವೆ. ಬಿಲ ತೋಡುವ ಕೆಲವು ಸೀಗಡಿಗಳು ಒಂದು ಮೀಟರಿಗಿಂತಲೂ ಆಳಕ್ಕೆ ಇಳಿಯುತ್ತವೆ. ಕಪ್ಪೆಚಿಪ್ಪು, ಸಿಂಪಿಗಳು ನೀರು ಸೋಸುತ್ತವೆ. ಮೀನು, ಏಡಿ, ದಡದ ಹಕ್ಕಿ ಇವುಗಳನ್ನೆಲ್ಲ ತಿಂದು ಬದುಕುತ್ತವೆ. ಡ್ರೆಡ್ಜರ್ ಎತ್ತಿಕೊಂಡು ಹೋಗುವುದು ಕೆಸರಿನ ಜೊತೆ ಈ ಇಡೀ ಏರ್ಪಾಟನ್ನು.

ಹೂಳೆತ್ತುವ ಯಂತ್ರಗಳಲ್ಲಿ ವ್ಯತ್ಯಾಸ ಇದೆಯೇ?

ಇದೆ. ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಕೊಳವೆಯನ್ನು ತಳದ ಮೇಲೆ ಎಳೆಯುತ್ತ ಹೂಳು ಹೀರುವುದು ಹಾಪರ್ ಡ್ರೆಡ್ಜರ್. ಅದು ಒಂದು ಸಾಲಿನಲ್ಲಿ ಮೇಲಿನ ಪದರವನ್ನು ಹೆರೆಯುತ್ತದೆ, ಸಾಲಿನ ಪಕ್ಕದಲ್ಲಿ ಒಂದಿಷ್ಟು ಜಾಗ ಉಳಿಯುವುದೂ ಉಂಟು. ತಿರುಗುವ ಹಲ್ಲುಗಳಿರುವ ಕಟರ್ ಡ್ರೆಡ್ಜರ್ ಗಟ್ಟಿ ತಳವನ್ನೂ ಕಡಿದು ಹೀರುತ್ತದೆ. ಬಕೆಟ್ ಅಥವಾ ಗ್ರ್ಯಾಬ್ ಇಟ್ಟುಕೊಂಡವು ಬಾಚಿ ಎತ್ತಿ ಗುಂಡಿ ಬಿಡುತ್ತವೆ. ತಳಕ್ಕೆ ನೀರು ಊದಿ, ಕೆಸರನ್ನು ತೆಳ್ಳಗಾಗಿಸಿ, ತಗ್ಗಿನತ್ತ ಹರಿಯಬಿಡುವ ವಿಧಾನವೂ ಇದೆ. ಅದರಲ್ಲಿ ಹೂಳು ನೀರಿನಿಂದ ಮೇಲೆ ಬರುವುದೇ ಇಲ್ಲ. ಹಾಗಾಗಿ "ನಾವೇನೂ ತೆಗೆದಿಲ್ಲ" ಎಂದು ಹೇಳಲು ಅನುಕೂಲ. ಆದರೆ ಹರಿದುಹೋದ ಕೆಸರು ಎಲ್ಲೋ ಒಂದು ಕಡೆ ಕೂರಲೇಬೇಕು.

ಯಂತ್ರಕ್ಕಿಂತ ದೊಡ್ಡ ವ್ಯತ್ಯಾಸ ಕೆಲಸದ ಬಗೆಯಲ್ಲಿದೆ. ಹಿಂದೆ ಯಾವತ್ತೂ ಮುಟ್ಟದ ತಳವನ್ನು ಹೊಸದಾಗಿ ಆಳ ಮಾಡುವುದು ಒಂದು. ಈಗಾಗಲೇ ಆಳ ಮಾಡಿದ ದಾರಿಯಲ್ಲಿ ಮತ್ತೆ ಮತ್ತೆ ತುಂಬುವ ಹೂಳನ್ನು ತೆಗೆಯುತ್ತಲೇ ಇರುವುದು ಇನ್ನೊಂದು. ಇವೆರಡರ ಪರಿಣಾಮವನ್ನು ಒಂದೇ ಮಾತಿನಲ್ಲಿ ಹೇಳಲು ಹೊರಟರೆ ಗೊಂದಲವೇ ಸರಿ.

ಹೂಳೆತ್ತಿದ ಜಾಗದಲ್ಲಿ ಎಷ್ಟು ಜೀವಿಗಳು ಹೋಗುತ್ತವೆ?

ನ್ಯೂವೆಲ್, ಸೈಡರರ್, ಹಿಚ್‌ಕಾಕ್ ಎಂಬ ಮೂವರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು 1998ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದರು. ಇಂದಿಗೂ ಹೆಚ್ಚಾಗಿ ಓಡಾಡುವುದು ಅದರ ಅಂಕಿಗಳೇ. ಹೂಳೆತ್ತಿದ ಜಾಗದಲ್ಲಿ ಪ್ರಭೇದಗಳ ವೈವಿಧ್ಯ ಸಾಮಾನ್ಯವಾಗಿ ಶೇಕಡಾ 30ರಿಂದ 70ರಷ್ಟು ಇಳಿಯುತ್ತದೆ. ಜೀವಿಗಳ ಸಂಖ್ಯೆ ಶೇಕಡಾ 40ರಿಂದ 95ರಷ್ಟು. ಒಟ್ಟು ಜೀವರಾಶಿಯ ತೂಕದ ಇಳಿಕೆಯೂ ಸುಮಾರಾಗಿ ಅಷ್ಟೇ.

ಈ ಅಗಲವನ್ನು ಗಮನಿಸಿ. 40ಕ್ಕೂ 95ಕ್ಕೂ ನಡುವೆ ಎಲ್ಲ ಬಗೆಯ ಅಳಿವೆಗಳೂ ಹಿಡಿಸುತ್ತವೆ. ಬಹುಪಾಲು ಜೀವಿಗಳು ಮೇಲಿನ ಹತ್ತು ಹದಿನೈದು ಸೆಂಟಿಮೀಟರಿನಲ್ಲೇ ಇರುವುದರಿಂದ, ಆಳ ಎಷ್ಟೇ ತೆಗೆಯಲಿ, ಹೆರೆದ ಸಾಲಿನ ಮಟ್ಟಿಗೆ ಹೆಚ್ಚುಕಡಿಮೆ ಎಲ್ಲವೂ ಹೋದ ಹಾಗೆಯೇ. ಸಾಲುಗಳ ನಡುವೆ ಎಷ್ಟು ಜಾಗ ಉಳಿಯಿತು ಎಂಬುದರ ಮೇಲೆ ಸರಾಸರಿ ಏರುತ್ತದೆ, ಇಳಿಯುತ್ತದೆ.

ಹೋದವು ಮತ್ತೆ ಬರುತ್ತವೆಯೇ? ಎಷ್ಟು ಕಾಲ ಬೇಕು?

ಬರುತ್ತವೆ. ಆದರೆ "ಹೋದವೇ" ಬರುತ್ತವೆಯೇ ಎಂಬುದು ಬೇರೆ ಮಾತು.

ಅದೇ 1998ರ ವಿಮರ್ಶೆಯ ಪ್ರಕಾರ ಅಳಿವೆಯ ಕೆಸರು ತಳ ಚೇತರಿಸಿಕೊಳ್ಳಲು ಸುಮಾರು 6ರಿಂದ 8 ತಿಂಗಳು, ಮರಳು ಮತ್ತು ಜಲ್ಲಿ ತಳಕ್ಕೆ 2ರಿಂದ 3 ವರ್ಷ. ಇನ್ನೂ ಒರಟು ತಳಕ್ಕೆ 5ರಿಂದ 10 ವರ್ಷವೂ ಬೇಕಾಗಬಹುದು. "ಆರು ತಿಂಗಳಲ್ಲಿ ಸರಿಹೋಗುತ್ತದೆ" ಎಂಬ ಮಾತು ಬಹುಮಟ್ಟಿಗೆ ಹುಟ್ಟಿದ್ದು ಇಲ್ಲಿಂದಲೇ. ಅದು ಸದಾ ಕದಡುವ, ಉಪ್ಪಿನಂಶ ಏರಿಳಿಯುವ, ಮೊದಲೇ ಕಷ್ಟಕ್ಕೆ ಒಗ್ಗಿದ ಜೀವಿಗಳಿರುವ ಕೆಸರಿಗೆ ಹೇಳಿದ ಮಾತು. ಅದನ್ನು ತಂದು ಸಿಂಪಿಯ ದಿಬ್ಬಕ್ಕೋ ಕಡಲಹುಲ್ಲಿನ ತಳಕ್ಕೋ ಅಂಟಿಸಿದರೆ ಓದುವವರ ಕಣ್ಣಿಗೆ ಮಣ್ಣೆರಚಿದ ಹಾಗೆ. ಸಿಂಪಿಯ ದಿಬ್ಬ ಎಂದರೆ ತಲೆಮಾರುಗಳ ಚಿಪ್ಪು ಒಂದರ ಮೇಲೊಂದು ಕೂತು ಆದದ್ದು. ಚಿಪ್ಪನ್ನೇ ಎತ್ತಿ ಒಯ್ದ ಮೇಲೆ ಮುಂದಿನ ಮರಿ ಅಂಟಿಕೊಳ್ಳಲು ಜಾಗವೇ ಇರುವುದಿಲ್ಲ.

ಮರಳಿ ಬರುವುದಕ್ಕೂ ಒಂದು ಕ್ರಮವಿದೆ. ಅಮೆರಿಕದ ಲಾಂಗ್ ಐಲ್ಯಾಂಡ್ ಸೌಂಡಿನಲ್ಲಿ ಹೂಳು ಸುರಿದ ಜಾಗಗಳನ್ನು ಗಮನಿಸಿ ರೋಡ್ಸ್, ಮೆಕಾಲ್, ಯಿಂಗ್‌ಸ್ಟ್ 1978ರಲ್ಲಿ ಇದನ್ನು ವಿವರಿಸಿದರು. ಅದೇ ವರ್ಷ ಪಿಯರ್ಸನ್ ಮತ್ತು ರೋಸೆನ್‌ಬರ್ಗ್, ಕೊಳೆ ಸೇರಿ ಕೆಟ್ಟ ತಳಗಳಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಮವಿದೆ ಎಂದು ತೋರಿಸಿದರು. ಉತ್ತು ಬಿಟ್ಟ ಹೊಲದಲ್ಲಿ ಮೊದಲು ಏಳುವುದು ಕಳೆ, ತಳದಲ್ಲೂ ಹಾಗೆಯೇ. ಮೊದಲು ಬರುವವು ಚಿಕ್ಕ ಮೈಯ, ಬೇಗ ಬಲಿತು ಬೇಗ ಮರಿ ಮಾಡುವ ಪಾಲಿಕೀಟ್ ಹುಳುಗಳು, ಕ್ಯಾಪಿಟೆಲ್ಲಾ, ಸ್ಟ್ರೆಬ್ಲೋಸ್ಪಿಯೋ ಜಾತಿಯವು. ಬೆಚ್ಚಗಿನ ನೀರಿನಲ್ಲಿ ಕ್ಯಾಪಿಟೆಲ್ಲಾದ ಒಂದು ಪೀಳಿಗೆ ಮುಗಿಯಲು ತಿಂಗಳೊಂದರ ಆಸುಪಾಸು ಸಾಕು. ಕೆಲವೇ ವಾರಗಳಲ್ಲಿ ಇವು ಮುತ್ತಿಕೊಳ್ಳುತ್ತವೆ. ಆಮೇಲೆ ಕೊಳವೆ ಕಟ್ಟಿಕೊಳ್ಳುವ ಆಂಫಿಪಾಡ್‌ಗಳು, ಚಿಕ್ಕ ಕಪ್ಪೆಚಿಪ್ಪುಗಳು. ಆಳಕ್ಕೆ ಬಿಲ ತೋಡುವ, ನಿಧಾನವಾಗಿ ಬೆಳೆದು ವರ್ಷಗಟ್ಟಲೆ ಬದುಕುವ ದೊಡ್ಡ ಜೀವಿಗಳದ್ದು ಕೊನೆಯ ಸರದಿ. ಮೊದಲ ಪ್ರಶ್ನೆಯಲ್ಲಿ ಹೇಳಿದ, ಕೆಸರಿನ ಒಳಗಿನವರೆಗೆ ಉಸಿರು ಮುಟ್ಟಿಸುವ ಕೆಲಸದಲ್ಲಿ ದೊಡ್ಡ ಪಾಲು ಈ ಕೊನೆಯವರದ್ದೇ.

ಸಂಖ್ಯೆ ಮೊದಲಿಗಿಂತ ಜಾಸ್ತಿಯೇ ಆಗಿದೆ ಎಂದು ವರದಿ ಹೇಳುತ್ತದೆ. ಅಂದರೆ ಒಳ್ಳೆಯದೇ ಆಯಿತಲ್ಲ?

ಯಾವುದರ ಸಂಖ್ಯೆ ಎಂದು ಮೊದಲು ಕೇಳಿ. ಹೂಳೆತ್ತುವ ಮೊದಲು ಚದರ ಮೀಟರಿಗೆ ಮೂರು ಸಾವಿರ ಜೀವಿ, ಮೂವತ್ತು ಪ್ರಭೇದ ಇದ್ದ ಜಾಗ ಎಂದು ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಅಲ್ಲಿ ಹತ್ತು ಸಾವಿರ ಜೀವಿಗಳಿದ್ದು, ಅದರಲ್ಲಿ ಒಂಬತ್ತು ಸಾವಿರ ಒಂದೇ ಹುಳುವಾಗಿದ್ದರೆ ಅದು ಚೇತರಿಕೆಯ ಗುರುತಲ್ಲ, ತಳ ಕದಡಿದ್ದರ ಗುರುತು. ಒಟ್ಟು ತೂಕ ನೋಡಿದರೆ ಗುಟ್ಟು ರಟ್ಟಾಗುತ್ತದೆ: ಸಾವಿರ ಸಣ್ಣ ಹುಳು ಸೇರಿದರೂ ಕಳೆದುಹೋದ ಹತ್ತು ದೊಡ್ಡ ಕಪ್ಪೆಚಿಪ್ಪಿನ ತೂಕಕ್ಕೆ ಬರುವುದಿಲ್ಲ. ಸಂಖ್ಯೆ, ಪ್ರಭೇದ, ತೂಕ ಈ ಮೂರನ್ನೂ ಒಟ್ಟಿಗೆ ಕೊಡದ ವರದಿಯನ್ನು ನಾನಂತೂ ಅರ್ಧ ವರದಿ ಎಂದೇ ಓದುತ್ತೇನೆ.

ಹೊಸ ಜೀವಿಗಳು ಎಲ್ಲಿಂದ ಬರುತ್ತವೆ?

ಮೂರು ದಾರಿ. ಪಕ್ಕದ ಮುಟ್ಟದ ತಳದಿಂದ ತೆವಳಿ, ಈಜಿ ಬರುವವು ಕೆಲವು. ಉಬ್ಬರ ಇಳಿತದ ಸೆಳೆತಕ್ಕೆ ಮೇಲಿನ ಕೆಸರಿನ ಜೊತೆ ಉರುಳಿ ಬರುವವು ಕೆಲವು. ಉಳಿದವು ನೀರಿನಲ್ಲಿ ತೇಲುವ ಲಾರ್ವಾಗಳಾಗಿ ಬಂದು ತಳಕ್ಕೆ ಇಳಿಯುತ್ತವೆ. ಅದಕ್ಕೇ ಹೂಳೆತ್ತಿದ ಜಾಗದ ಅಳತೆಯಷ್ಟೇ ಅದರ ಆಕಾರವೂ ಮುಖ್ಯ. ಉದ್ದಕ್ಕೆ ತೆಳ್ಳಗಿನ ಪಟ್ಟಿಯಾದರೆ ಅಂಚಿನಿಂದ ಬೇಗ ತುಂಬಿಕೊಳ್ಳುತ್ತದೆ. ಅಗಲವಾದ ಬಯಲನ್ನೇ ಹೆರೆದರೆ ನಡುಭಾಗ ಲಾರ್ವಾಗಳನ್ನೇ ಕಾದು ಕೂರಬೇಕು. ಲಾರ್ವಾಗಳು ವರ್ಷವಿಡೀ ಒಂದೇ ಸಮ ಬರುವುದಿಲ್ಲ. ಮರಿಗಳು ತಳಕ್ಕಿಳಿಯುವ ಕಾಲ ಮುಗಿದ ಮರುವಾರ ಕೆಲಸ ಮುಗಿಸಿದರೆ ತಳ ಮುಂದಿನ ಸಲದವರೆಗೆ ಖಾಲಿ ಖಾಲಿಯಾಗಿ ಉಳಿಯಬಹುದು. ಅದೇ ಕೆಲಸ, ಅದೇ ಖರ್ಚು. ಬದಲಾದದ್ದು ತಿಂಗಳು ಮಾತ್ರ.

ತಳ ಮೊದಲಿನ ಹಾಗೇ ಇದ್ದರೆ ತಾನೇ ಮೊದಲಿನ ಜೀವಿಗಳು ಬರುವುದು?

ಹೌದು, ಇಡೀ ವಿಷಯದಲ್ಲಿ ತೀರ್ಮಾನ ನಿಂತಿರುವುದು ಇದರ ಮೇಲೆ. ಮರಳು ತಳದಲ್ಲಿ ಗುಂಡಿ ಬಿದ್ದರೆ ಅಲ್ಲಿ ನೀರಿನ ವೇಗ ತಗ್ಗುತ್ತದೆ, ನುಣ್ಣಗಿನ ಕೆಸರು ಬಂದು ಕೂರುತ್ತದೆ. ಮರಳಿನ ಕಪ್ಪೆಚಿಪ್ಪು ಆ ಕೆಸರಿನಲ್ಲಿ ಬಾಳುವುದಿಲ್ಲ. ಗುಂಡಿ ಆಳವಾಗಿದ್ದು ಕೆಳಗಿನ ನೀರು ಮೇಲಿನದರ ಜೊತೆ ಬೆರೆಯದಿದ್ದರೆ ಆಮ್ಲಜನಕವೂ ಕುಸಿಯುತ್ತದೆ. ಅಲ್ಲಿ ನೆಲೆಸುವ ಗುಂಪು ಎಷ್ಟೇ ಸ್ಥಿರವಾಗಿದ್ದರೂ ಅದು ಬೇರೆಯದೇ ಗುಂಪು. ಜೀವಿಗಳಿಗೆ ಎಷ್ಟು ಕಾಲಾವಕಾಶ ಕೊಟ್ಟಿರಿ ಎಂಬುದು ಆಮೇಲಿನ ಮಾತು. ಅವುಗಳ ತಳವನ್ನು ಅವುಗಳಿಗೆ ಬಿಟ್ಟಿರಾ ಎಂದು ಮೊದಲು ನೋಡಬೇಕು.

ಪ್ರತಿ ವರ್ಷ ಹೂಳೆತ್ತುವ ಕಡೆ?

ಅಲ್ಲಿ ಪೂರ್ತಿ ಚೇತರಿಕೆಯ ಮಾತು ಬರುವುದು ಅಪರೂಪ. ಕೊನೆಯ ಸರದಿಯ ದೊಡ್ಡ ಜೀವಿಗಳು ಬಂದು ನೆಲೆಯೂರುವ ಮೊದಲೇ ಡ್ರೆಡ್ಜರ್ ಮತ್ತೆ ಬಂದಿರುತ್ತದೆ. ದೊಡ್ಡ ಬಂದರುಗಳ ಹಡಗುದಾರಿಗಳಲ್ಲಿ ಹೀಗೆ ಕಳೆಗಳ ಹಂತದಲ್ಲೇ ನಿಂತುಹೋದ ತಳ ಮಾಮೂಲು. ಅದನ್ನು ಬಲಿಕೊಟ್ಟ ಜಾಗ ಎಂದು ಒಪ್ಪಿಕೊಳ್ಳುವುದು ಒಂದು ಪ್ರಾಮಾಣಿಕ ನಿಲುವು. "ಈಗಾಗಲೇ ಏನೂ ಇರಲಿಲ್ಲ, ಹಾಗಾಗಿ ಏನೂ ಹಾಳಾಗಿಲ್ಲ" ಎಂದು ಅದೇ ತಳದ ಸಮೀಕ್ಷೆ ಮಾಡಿ ತೋರಿಸುವುದು ಪ್ರಾಮಾಣಿಕವಲ್ಲ.

ಹೂಳೆತ್ತುವಾಗ ಏಳುವ ಬಗ್ಗಡ ಎಷ್ಟು ದೂರ ಹೋಗುತ್ತದೆ? ಅದರಿಂದ ತೊಂದರೆಯೇ?

ಮರಳು ಬೇಗ ಕೂರುತ್ತದೆ, ನುಣ್ಣಗಿನ ಕೆಸರು ಉಬ್ಬರದ ಜೊತೆ ಮೇಲಕ್ಕೂ ಇಳಿತದ ಜೊತೆ ಕೆಳಕ್ಕೂ ಓಡಾಡುತ್ತದೆ. ಉಪ್ಪುನೀರು ತಾಗಿದಾಗ ಕೆಸರಿನ ಕಣಗಳು ಒಂದಕ್ಕೊಂದು ಅಂಟಿ ಗರಣೆಯಾಗಿ ಇಳಿಯುವುದರಿಂದ, ಅದೇ ಹೂಳು ಸಿಹಿನೀರಿನ ಭಾಗದಲ್ಲಿ ಒಂದು ರೀತಿ, ಉಪ್ಪುನೀರಿನ ಭಾಗದಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ಹಾಪರ್, ಅಂದರೆ ಹಡಗಿನ ಹೂಳುತೊಟ್ಟಿ, ತುಂಬಿದ ಮೇಲೂ ಹೀರುತ್ತಲೇ ಇದ್ದು, ಮೇಲಿನ ಕೆಸರುನೀರನ್ನು ಹೊರಚೆಲ್ಲುವ ಪದ್ಧತಿಯಿಂದ ಬಗ್ಗಡ ಬಹಳ ಹೆಚ್ಚುತ್ತದೆ. ಹಡಗಿನಲ್ಲಿ ಗಟ್ಟಿ ಸರಕು ಹೆಚ್ಚು ಹಿಡಿಸಲಿ ಎಂದು ಹಾಗೆ ಮಾಡುತ್ತಾರೆ.

ಕೆಸರುನೀರಿಗೆ ಒಗ್ಗಿದ ಅಳಿವೆಯ ಜೀವಿಗಳು ಕೆಲವು ದಿನದ ಬಗ್ಗಡವನ್ನು ತಡೆದುಕೊಳ್ಳುತ್ತವೆ. ಕಪ್ಪೆಚಿಪ್ಪು ಸೋಸಿದ್ದರಲ್ಲಿ ಬೇಡದ್ದನ್ನು ಲೋಳೆಯಲ್ಲಿ ಸುತ್ತಿ ಉಗುಳುತ್ತದೆ. ಆದರೆ ಅದಕ್ಕೆ ಶಕ್ತಿ ಬೇಕು, ವಾರಗಟ್ಟಲೆ ಉಗುಳುತ್ತಲೇ ಇದ್ದರೆ ಬೆಳವಣಿಗೆ ನಿಲ್ಲುತ್ತದೆ. ನೀರಿನಲ್ಲಿ ತೇಲುವ ಕೆಸರಿಗಿಂತ ಕೂತ ಕೆಸರಿನದೇ ಹೆಚ್ಚು ಕಾಟ. ಸಿಂಪಿಯ ಲಾರ್ವಾ ಗಟ್ಟಿಯಾದ, ಶುಭ್ರ ಮೈ ಹುಡುಕಿಕೊಂಡು ಬರುತ್ತದೆ. ಹಳೆಯ ಚಿಪ್ಪಿನ ಮೇಲೆ ಒಂದೆರಡು ಮಿಲಿಮೀಟರ್ ಹೂಳು ಕೂತಿದ್ದರೂ ಅದಕ್ಕೆ ಹಿಡಿತ ಸಿಗುವುದಿಲ್ಲ. ನೀರು ತಿಳಿಯಾದ ಮೇಲೆ ಮೇಲಿನಿಂದ ನೋಡಿದವರಿಗೆ ಎಲ್ಲ ಸರಿಯಾದಂತೆಯೇ ಕಾಣುತ್ತದೆ.

ಎತ್ತಿದ ಹೂಳನ್ನು ಸುರಿದ ಕಡೆ ಏನಾಗುತ್ತದೆ?

ಅಲ್ಲಿನ ಜೀವಿಗಳು ಹೂತುಹೋಗುತ್ತವೆ. ಎಲ್ಲವೂ ಸಾಯುವುದಿಲ್ಲ. ಮರಳಿನಲ್ಲಿ ಬಿಲ ತೋಡುವ ಗಟ್ಟಿ ಕಪ್ಪೆಚಿಪ್ಪುಗಳು, ಕೆಲವು ಹುಳುಗಳು ಹತ್ತಿಪ್ಪತ್ತು ಸೆಂಟಿಮೀಟರ್ ಮಣ್ಣನ್ನು ಭೇದಿಸಿ ಮೇಲೆ ಬರಬಲ್ಲವು. ಅದಕ್ಕೆ ಎರಡು ಷರತ್ತು: ಮೇಲೆ ಬಿದ್ದದ್ದು ಅವುಗಳ ತಳದಂಥದ್ದೇ ಆಗಿರಬೇಕು, ಒಂದೇ ಸಲಕ್ಕೆ ಬಿದ್ದಿರಬಾರದು. ಮರಳಿನ ಜೀವಿಯ ಮೇಲೆ ಕೆಸರು ಸುರಿದರೆ ಅರ್ಧ ಆಳಕ್ಕೇ ಅದು ಸೋಲುತ್ತದೆ. ಕಲ್ಲಿಗೆ ಅಂಟಿಕೊಂಡ ಸಿಂಪಿಗೆ ಮೇಲೇಳುವ ದಾರಿಯೇ ಇಲ್ಲ.

ಹೂಳನ್ನು ಕಡಲಿಗೆ ಸುರಿಯುವುದಕ್ಕೆ 1972ರ ಲಂಡನ್ ಒಪ್ಪಂದ ಮತ್ತು ಅದರ 1996ರ ಪ್ರೋಟೊಕಾಲ್ ಅಂತರರಾಷ್ಟ್ರೀಯ ಚೌಕಟ್ಟು ಒದಗಿಸಿವೆ. ಪ್ರೋಟೊಕಾಲಿನಲ್ಲಿ ಎಲ್ಲ ವಸ್ತುವಿಗೂ ನಿಷೇಧ, ಪಟ್ಟಿಯಲ್ಲಿರುವ ಕೆಲವಕ್ಕೆ ಮಾತ್ರ ಪರೀಕ್ಷೆಯ ನಂತರ ಪರವಾನಗಿ ಎಂಬ ಪದ್ಧತಿ. ಆ ಪಟ್ಟಿಯ ಮೊದಲ ಹೆಸರೇ ಹೂಳೆತ್ತಿದ ಮಣ್ಣು.

ತಳದಲ್ಲಿ ಹೂತಿದ್ದ ವಿಷ ಮೇಲೆ ಬರುತ್ತದೆಯೇ?

ಬರಬಹುದು. ಸೀಸ, ಸತು, ಕ್ಯಾಡ್ಮಿಯಂನಂಥ ಲೋಹಗಳು ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಗಂಧಕದ ಜೊತೆ ಕಟ್ಟುಬಿದ್ದು ಸುಮ್ಮನೆ ಕೂತಿರುತ್ತವೆ. ಅದನ್ನು ಕೆದಕಿ ಆಮ್ಲಜನಕಕ್ಕೆ ಒಡ್ಡಿದರೆ ಕಟ್ಟು ಬಿಚ್ಚಿಕೊಳ್ಳುತ್ತದೆ. ಬಿಡುಗಡೆಯಾದ ಲೋಹದ ಬಹುಭಾಗ ಕಬ್ಬಿಣದ ತುಕ್ಕಿನಂಥ ಕಣಗಳಿಗೆ ಮತ್ತೆ ಅಂಟಿಕೊಳ್ಳುತ್ತದೆ ಎಂಬುದು ಸಮಾಧಾನ. ಅಂಥ ಕಣಗಳನ್ನೇ ತಿಂದು ಬದುಕುವ ಹುಳುಗಳಿವೆ ಎಂಬುದು ಆ ಸಮಾಧಾನದ ಮಿತಿ.

ಹಡಗಿನ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯೂಟೈಲ್‌ಟಿನ್ ಇನ್ನೊಂದು ಉದಾಹರಣೆ. ಲೀಟರ್ ನೀರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಹೆಣ್ಣು ಕಡಲಬಸವನಗಳಲ್ಲಿ ಗಂಡಿನ ಅಂಗ ಬೆಳೆಸುವಷ್ಟು ತೀಕ್ಷ್ಣ ಅದು. ಅದರ ಬಳಕೆಯನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಆದರೆ ಆಮ್ಲಜನಕವಿಲ್ಲದ ಕೆಸರಿನಲ್ಲಿ ಅದು ಬಲು ನಿಧಾನವಾಗಿ ಒಡೆಯುತ್ತದೆ, ಹಾಗಾಗಿ ಹಳೆಯ ಬಂದರುಗಳ ಆಳದ ಹೂಳಿನಲ್ಲಿ ಇನ್ನೂ ಸಿಗುತ್ತದೆ.

ಹಾಗಾದರೆ ವಿಷದ ಹೂಳನ್ನು ಮುಟ್ಟದೇ ಇರುವುದೇ ಲೇಸಲ್ಲವೇ?

ಎಲ್ಲ ಕಡೆ ಅಲ್ಲ. ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಪಾದರಸ ತುಂಬಿದ ಕೆಸರನ್ನು 1977ರಿಂದ 1990ರವರೆಗೆ ಎತ್ತಿ, ಒಂದು ಭಾಗವನ್ನು ಕಟ್ಟೆ ಕಟ್ಟಿ ಮುಚ್ಚಿ, ಸುಮಾರು 58 ಹೆಕ್ಟೇರ್ ಹೊಸ ನೆಲ ಮಾಡಿದರು. ಅಮೆರಿಕದ ಹಡ್ಸನ್ ನದಿಯ ಮೇಲ್ಭಾಗದಲ್ಲಿ 2009ರಿಂದ 2015ರವರೆಗೆ ಪಿಸಿಬಿ ಎಂಬ ವಿಷರಾಸಾಯನಿಕ ಸೇರಿದ್ದ ಹೂಳು ತೆಗೆದರು. ಅಂಥಲ್ಲಿ ತಳದ ಜೀವಿಗಳ ತಾತ್ಕಾಲಿಕ ನಷ್ಟ ಸಹಿಸಿಕೊಳ್ಳಬೇಕಾದದ್ದೇ. ವಿಷ ಆಳದಲ್ಲಿ ಹೂತು, ಅದರ ಮೇಲೆ ಶುದ್ಧ ಹೂಳು ಕೂತು ವರ್ಷಗಳಾಗಿದ್ದರೆ ಲೆಕ್ಕ ತಿರುಗುಮುರುಗಾಗಬಹುದು.

ಹಡಗುದಾರಿಯನ್ನು ಆಳ ಮಾಡಿದರೆ ಪಕ್ಕದ ತಳಕ್ಕೇನು ಸಂಬಂಧ?

ದೂರದ ತಳಕ್ಕೂ ಸಂಬಂಧ ಇದೆ. ದಾರಿ ಆಳವಾದಂತೆ ಭಾರವಾದ ಉಪ್ಪುನೀರು ತಳ ಹಿಡಿದು ಇನ್ನಷ್ಟು ಮೇಲಕ್ಕೆ ನುಗ್ಗುತ್ತದೆ. 1934ರಲ್ಲಿ ಪ್ರಾಣಿಶಾಸ್ತ್ರಜ್ಞ ರೆಮಾನೆ ಬಾಲ್ಟಿಕ್ ಸಮುದ್ರವನ್ನು ನೋಡಿ ಗುರುತಿಸಿದಂತೆ, ಸಾವಿರಕ್ಕೆ 5ರಿಂದ 8ರಷ್ಟು ಉಪ್ಪಿರುವ ಪಟ್ಟೆಯಲ್ಲಿ ತಳದ ಪ್ರಭೇದಗಳು ಅತಿ ಕಡಿಮೆ: ಸಿಹಿನೀರಿನವಕ್ಕೆ ಉಪ್ಪು ಹೆಚ್ಚು, ಕಡಲಿನವಕ್ಕೆ ಕಡಿಮೆ. ಉಪ್ಪು ಮೇಲಕ್ಕೆ ಸರಿದರೆ ಆ ಪಟ್ಟೆಯೂ ಸರಿಯುತ್ತದೆ, ಅದರ ಹಾದಿಯಲ್ಲಿದ್ದ ಸಿಹಿನೀರಿನ ಚಿಪ್ಪುಗಳು ಹೋಗುತ್ತವೆ. ಅಲ್ಲಿಗೆ ಡ್ರೆಡ್ಜರ್ ಹೋಗಿಯೇ ಇರುವುದಿಲ್ಲ.

ಉಬ್ಬರವೂ ಬದಲಾಗುತ್ತದೆ. ಜರ್ಮನಿಯ ಎಲ್ಬೆ ಅಳಿವೆಯಲ್ಲಿ, ಹ್ಯಾಂಬರ್ಗಿನ ಬಳಿ ಉಬ್ಬರ ಇಳಿತಗಳ ಅಂತರ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸುಮಾರು 2 ಮೀಟರ್ ಇದ್ದದ್ದು ಈಗ 3.5 ಮೀಟರ್ ದಾಟಿದೆ. ದಡಕ್ಕೆ ಕಟ್ಟಿದ ಒಡ್ಡುಗಳದ್ದೂ ಅದರಲ್ಲಿ ಪಾಲಿದೆ. ಇನ್ನೂ ಕೆಟ್ಟ ಉದಾಹರಣೆ ಅಲ್ಲಿಯದೇ ಎಮ್ಸ್ ನದಿ. ಪಾಪೆನ್‌ಬುರ್ಗಿನ ಹಡಗುಕಟ್ಟೆಯಿಂದ ಹೊರಡುವ ಭಾರೀ ಪ್ರವಾಸಿ ಹಡಗುಗಳು ಸಮುದ್ರ ಸೇರಲೆಂದು ಅದರ ಕೆಳಭಾಗವನ್ನು ಹಂತ ಹಂತವಾಗಿ ಆಳ ಮಾಡಲಾಯಿತು. ಉಬ್ಬರದ ನೀರು ಒಳಗೆ ನುಗ್ಗುವಾಗ ತರುವಷ್ಟು ಕೆಸರನ್ನು ಇಳಿತ ಹೊರಗೊಯ್ಯದ ಸ್ಥಿತಿ ಬಂತು. ಈಗ ತಳದಲ್ಲಿ ನೀರೂ ಅಲ್ಲದ ನೆಲವೂ ಅಲ್ಲದ ಅಂಬಲಿಗೆಸರು ನಿಂತಿರುತ್ತದೆ. ಬೇಸಿಗೆಯಲ್ಲಿ ಆಮ್ಲಜನಕ ಹತ್ತಿರ ಹತ್ತಿರ ಸೊನ್ನೆಗೆ ಇಳಿಯುತ್ತದೆ. ಇಲ್ಲಿ ತಳದ ಜೀವಿಗಳನ್ನು ಕೊಂದದ್ದು ಡ್ರೆಡ್ಜರಿನ ಕೊಳವೆಯಲ್ಲ, ಅದು ಬದಲಿಸಿದ ನೀರಿನ ನಡೆ. ತಿಂಗಳುಗಟ್ಟಲೆ ಕಾದರೆ ಸರಿಹೋಗುವ ಬಗೆಯದಲ್ಲ ಇದು. ಹೊಸದಾಗಿ ಆಳ ಮಾಡುವ ಯೋಜನೆಗಳಲ್ಲಿ ನನಗೆ ಹೆಚ್ಚಿನ ಭಯ ಇರುವುದು ಈ ವಿಷಯದಲ್ಲೇ.

ನೆರೆ ಬಂದಾಗ ನದಿಯೇ ತಳ ಕಲಕುತ್ತದೆ. ಯಂತ್ರ ಕಲಕಿದರೆ ಮಾತ್ರ ಏಕೆ ಗಲಾಟೆ?

ಒಳ್ಳೆಯ ಪ್ರಶ್ನೆ, ಇದನ್ನು ತಳ್ಳಿಹಾಕುವ ಹಾಗಿಲ್ಲ. ದೊಡ್ಡ ನೆರೆಯಲ್ಲಿ ಉಪ್ಪು ಸೊನ್ನೆಗೆ ಇಳಿದು, ಹೊಸ ಹೂಳು ಬಂದು ಕೂತು, ಅಳಿವೆಯ ತಳಜೀವಿಗಳು ಸಾಮೂಹಿಕವಾಗಿ ಸಾಯುವುದುಂಟು. ಮುಂಗಾರಿನ ಪ್ರದೇಶಗಳಲ್ಲಿ ಇದು ವಾರ್ಷಿಕ ಘಟನೆ. ಮಳೆ ನಿಂತು ಉಪ್ಪು ಏರಿದ ಮೇಲೆ ಹೊಸ ಮರಿಗಳು ಬಂದು ನೆಲೆಸುತ್ತವೆ. ಹೀಗೆ ಸಹಜವಾಗಿಯೇ ಕಷ್ಟದಲ್ಲಿರುವ ಅಳಿವೆಯ ಜೀವಿಸಮುದಾಯ, ಮನುಷ್ಯ ಕೆಡಿಸಿದ ಸಮುದಾಯದಂತೆಯೇ ಕಾಣುತ್ತದೆ: ಕಡಿಮೆ ಪ್ರಭೇದ, ಸಣ್ಣ ಮೈ, ಬೇಗ ಹುಟ್ಟಿ ಬೇಗ ಸಾಯುವವು. ಎಲಿಯಟ್ ಮತ್ತು ಕ್ವಿಂಟಿನೋ 2007ರಲ್ಲಿ ಇದನ್ನು ಅಳಿವೆಗಳ ಗುಣಮಟ್ಟದ ವಿರೋಧಾಭಾಸ ಎಂದು ಮುಂದಿಟ್ಟರು.

ವ್ಯತ್ಯಾಸ ಇರುವುದು ಬೇರೆ ಕಡೆ. ನೆರೆ ತಳದ ಮೇಲ್ಪದರವನ್ನು ಕಲಕುತ್ತದೆ, ಡ್ರೆಡ್ಜರ್ ಮೀಟರುಗಟ್ಟಲೆ ತೆಗೆಯುತ್ತದೆ. ನೆರೆ ತಿಂಗಳು ನೋಡಿ ಬರುತ್ತದೆ, ಜೀವಿಗಳ ಸಂತಾನದ ಕಾಲ ಅದಕ್ಕೆ ಹೊಂದಿಕೊಂಡಿದೆ. ಡ್ರೆಡ್ಜರ್ ಗುತ್ತಿಗೆ ಮಂಜೂರಾದಾಗ ಬರುತ್ತದೆ. ನೆರೆ ಇಳಿದ ಬೆನ್ನಿಗೇ ಡ್ರೆಡ್ಜರ್ ಬಂದರೆ, ಅಳಿದುಳಿದ ತಾಯಿಜೀವಿಗಳೂ ಹೋಗುತ್ತವೆ.

ಮೀನು, ಏಡಿಗಳಿಗೆ ತೊಂದರೆಯೇ? ಡ್ರೆಡ್ಜರ್ ಸುತ್ತ ಮೀನು ಸೇರುವುದನ್ನು ನೋಡಿದ್ದೇವಲ್ಲ?

ಸೇರುತ್ತವೆ. ಕೆದಕಿದ ಕೆಸರಿನಿಂದ ಹೊರಬಿದ್ದ ಹುಳುಗಳ ಊಟಕ್ಕೆ. ಕೆಲವು ದಿನದ ಆ ಹಬ್ಬವನ್ನು ಲಾಭವೆಂದು ಬರೆದುಕೊಳ್ಳಬೇಡಿ. ಮುಂದಿನ ತಿಂಗಳುಗಳ ಊಟ ಅಷ್ಟೇ ಕಡಿಮೆಯಾಗಿರುತ್ತದೆ. ಓಡಿ ತಪ್ಪಿಸಿಕೊಳ್ಳಲಾಗದ ಮೀನಿನ ಮೊಟ್ಟೆ, ಮರಿ, ತಳದಲ್ಲಿ ಹೂತು ಕೂರುವ ಏಡಿ ಕೊಳವೆಯೊಳಗೇ ಹೋಗುತ್ತವೆ.

ಸಮೀಕ್ಷೆ ಹೇಗೆ ಮಾಡುತ್ತಾರೆ?

ಸಾಮಾನ್ಯವಾಗಿ ವ್ಯಾನ್ ವೀನ್ ಗ್ರ್ಯಾಬ್ ಎಂಬ ಕಬ್ಬಿಣದ ದವಡೆಯನ್ನು ದೋಣಿಯಿಂದ ಇಳಿಬಿಟ್ಟು 0.1 ಚದರ ಮೀಟರ್ ತಳವನ್ನು ಕಚ್ಚಿ ತರುತ್ತಾರೆ. ದವಡೆಯ ನಡುವೆ ಚಿಪ್ಪೊಂದು ಸಿಕ್ಕಿಕೊಂಡು ಅರ್ಧ ಕೆಸರು ಸೋರಿದ್ದರೆ ಆ ಮಾದರಿಯನ್ನು ಚೆಲ್ಲಿ ಇನ್ನೊಂದು ಎತ್ತಬೇಕು. ಸಂಜೆ ಹೊತ್ತಿಗೆ ಸುಸ್ತಾದ ತಂಡ ಅದನ್ನೇ ಇಟ್ಟುಕೊಳ್ಳುವುದೂ ಉಂಟು. ಜರಡಿ ಹಿಡಿದು, ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಇಟ್ಟು, ರೋಸ್ ಬೆಂಗಾಲ್ ಬಣ್ಣ ಹಾಕುತ್ತಾರೆ. ಜೀವಿಗಳ ಮೈ ಗುಲಾಬಿಯಾಗುತ್ತದೆ, ಕಸ ಹಾಗೇ ಉಳಿಯುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಚಿಮಟದಿಂದ ಹೆಕ್ಕಬೇಕು. ಗ್ರ್ಯಾಬ್ ಎತ್ತಲು ನಿಮಿಷಗಳು ಸಾಕು, ಹೆಕ್ಕಿ ಹೆಸರಿಡಲು ದಿನಗಳು ಹಿಡಿಯುತ್ತವೆ. ಹಣ ಮುಗಿಯುವುದು ಅಲ್ಲೇ.

ಹೂಳೆತ್ತುವ ಜಾಗ ಮತ್ತು ಅದನ್ನೇ ಹೋಲುವ, ಕೆಲಸ ತಾಗದ ಜಾಗಗಳು. ಎರಡೂ ಕಡೆ ಮೊದಲೂ ನಂತರವೂ ಮಾದರಿಗಳು. ಇಷ್ಟಿದ್ದರೆ ಮಾತ್ರ ಋತುವಿನ ಏರಿಳಿತ ಯಾವುದು, ಡ್ರೆಡ್ಜರಿನದ್ದು ಯಾವುದು ಎಂದು ಬೇರ್ಪಡಿಸಬಹುದು. ಹೋಲಿಕೆಯ ಜಾಗ ಒಂದೇ ಇದ್ದರೆ ಅದರದ್ದೇ ಯಾವುದೋ ಕಾರಣಕ್ಕೆ ಲೆಕ್ಕ ತಪ್ಪಬಹುದು, ಹಾಗಾಗಿ ಎರಡು ಮೂರು ಇಟ್ಟುಕೊಳ್ಳುವುದು ಕ್ಷೇಮ.

ವರದಿಗಳಲ್ಲಿ ಬರುವ ಆಂಬಿ ಅಂಕ ಎಂದರೇನು?

ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಬೋರ್ಹಾ ಮತ್ತು ಸಂಗಡಿಗರು 2000ದಲ್ಲಿ ರೂಪಿಸಿದ ಸೂಚ್ಯಂಕ. ಪ್ರಭೇದಗಳನ್ನು ಕೊಳೆ ತಾಳದ ನಾಜೂಕಿನವುಗಳಿಂದ ತಾಳಿಕೊಳ್ಳುವ ಗಟ್ಟಿಗರವರೆಗೆ ಐದು ಗುಂಪು ಮಾಡಿ, ಯಾವ ಗುಂಪು ಎಷ್ಟಿದೆ ಎಂದು ಸೊನ್ನೆಯಿಂದ ಆರರವರೆಗೆ ಅಂಕ ಕೊಡುತ್ತಾರೆ. ಅಂಕ ಏರಿದಷ್ಟೂ ತಳ ಕೆಟ್ಟಿದೆ ಎಂದು. ಮುಖ್ಯವಾಗಿ ಕೊಳೆಯ ಪರಿಣಾಮ ಅಳೆಯಲು ಮಾಡಿದ್ದು. ಸಿಹಿನೀರಿನ ಅಂಚಿನ ಕೆಸರಿನಲ್ಲಿ ಅದು ಆರೋಗ್ಯವಂತ ತಳವನ್ನೂ ಕೆಟ್ಟದ್ದೆಂದು ತೋರಿಸಬಹುದು. ಅಂಕದ ಜೊತೆ ಪ್ರಭೇದಗಳ ಪಟ್ಟಿ ಕೇಳಿ ಪಡೆಯಿರಿ.

ಹಾನಿ ಕಡಿಮೆ ಮಾಡುವ ದಾರಿಗಳಿವೆಯೇ?

ಇವೆ. ಅವುಗಳಲ್ಲಿ ಅತಿ ಅಗ್ಗದ್ದು ಕ್ಯಾಲೆಂಡರ್: ಲಾರ್ವಾಗಳು ಇಳಿಯುವ ಕಾಲಕ್ಕೆ ಮುಂಚೆ ಕೆಲಸ ಮುಗಿಸುವುದು. ಸಾಲುಗಳ ನಡುವೆ ಮುಟ್ಟದ ಪಟ್ಟಿ ಬಿಡುವುದು, ಇಡೀ ದಾರಿಯನ್ನು ಒಂದೇ ವರ್ಷ ಹೆರೆಯದೆ ಸರದಿಯ ಮೇಲೆ ತುಂಡು ತುಂಡಾಗಿ ತೆಗೆಯುವುದು, ಹಾಪರಿನಿಂದ ಕೆಸರುನೀರು ಹೊರಚೆಲ್ಲುವುದಕ್ಕೆ ಮಿತಿ ಹಾಕುವುದು ಇವೆಲ್ಲ ಕೆಲಸ ಮಾಡುತ್ತವೆ. ಹೂಳುತಡೆ ಪರದೆಗಳ ಬಗ್ಗೆ ಬಹಳ ಮಾತು ಕೇಳುತ್ತೀರಿ. ನಿಂತ ನೀರಿನಲ್ಲಿ ಸರಿ, ಉಬ್ಬರದ ಸೆಳೆತ ಇರುವಲ್ಲಿ ಪರದೆ ಮೇಲೆದ್ದು ಕೆಳಗಿನಿಂದ ಕೆಸರು ಹೊರಟುಹೋಗುತ್ತದೆ.

ಎತ್ತಿದ್ದನ್ನು ಅಳಿವೆಯಿಂದ ಹೊರಗೊಯ್ಯದೆ, ಸವೆಯುತ್ತಿರುವ ದಿಬ್ಬಗಳಿಗೇ ಕೊಡುವುದು ಇನ್ನೊಂದು ದಾರಿ. ನೆದರ್ಲೆಂಡ್ಸ್‌ನ ವೆಸ್ಟರ್ನ್ ಶೆಲ್ಟ್ ಅಳಿವೆಯಲ್ಲಿ 2004ರಲ್ಲಿ ವಾಲ್ಸೋರ್ಡೆನ್ ದಿಬ್ಬದ ಅಂಚಿಗೆ ಹೂಳೆತ್ತಿದ ಮರಳನ್ನು ಹಾಕಿ ನೋಡಿದರು. ತಳದ ಜೀವಿಗಳಿಗೆ ನೆಲೆಯಾಗುವ ಆಳವಿಲ್ಲದ ಜಾಗವನ್ನು ಉಳಿಸಿಕೊಳ್ಳುವುದು ಉದ್ದೇಶ. ಸೂಕ್ತ ಕಣಗಾತ್ರದ ಮರಳಿಗೆ ಇದು ಒಪ್ಪುತ್ತದೆ, ವಿಷ ಸೇರಿದ ಕೆಸರಿಗೆ ಖಂಡಿತ ಅಲ್ಲ.

ಹೂಳೆತ್ತುವುದನ್ನೇ ನಿಲ್ಲಿಸಬಾರದೇ?

ಹಡಗು ಬೇಕೆನ್ನುವವರೆಗೆ ಆಗದು. ಎಷ್ಟು ಆಳ ನಿಜಕ್ಕೂ ಬೇಕು ಎಂದು ಕೇಳಬಹುದು. ಉಬ್ಬರ ನೋಡಿಕೊಂಡು ಹಡಗು ಒಳಬಂದರೆ ಅರ್ಧ ಮೀಟರ್ ಕಡಿಮೆ ಸಾಕಾಗುವ ಕಡೆಗಳಿವೆ.

ಒಂದೇ ಒಂದು ಸಮೀಕ್ಷೆಗೆ ಹಣವಿದ್ದರೆ ಯಾವಾಗ ಮಾಡಬೇಕು?

ಡ್ರೆಡ್ಜರ್ ಬರುವ ಮೊದಲು. ಜೊತೆಗೆ ಹೋಲಿಕೆಯ ಜಾಗಗಳಲ್ಲೂ ಅದೇ ವಾರ ಮಾದರಿ ಎತ್ತಿ. ನಂತರದ ಸಮೀಕ್ಷೆಯನ್ನು ಮುಂದೆ ಹಣ ಸಿಕ್ಕಾಗ, ಬೇರೆಯವರಾದರೂ ಮಾಡಬಹುದು. ಮೊದಲಿನದನ್ನು ಆಮೇಲೆ ಯಾರಿಂದಲೂ ಮಾಡಲಾಗದು. ಹೆಕ್ಕಿದ ಜೀವಿಗಳನ್ನು ಎಣಿಕೆ ಮುಗಿದ ಮೇಲೆ ಬಿಸಾಡದೆ ಸ್ಪಿರಿಟ್ಟಿನಲ್ಲಿ ಹಾಕಿ, ಜಾಗ ಮತ್ತು ದಿನಾಂಕದ ಚೀಟಿಯನ್ನು ಬಾಟಲಿಯ ಒಳಗೇ ಪೆನ್ಸಿಲಿನಲ್ಲಿ ಬರೆದು ಇಡಿ. ಹೊರಗೆ ಅಂಟಿಸಿದ ಚೀಟಿ ಎರಡು ವರ್ಷಕ್ಕೆ ಉದುರುತ್ತದೆ.